ಒಪೆರಾದ ಮರೆಯಲ್ಲಿ ಉಳಿದುಹೋದ ಇಟಲಿಯ ಸಿಂಫನಿಗಳು

ಇಟಲಿಯ ಸಂಗೀತಕಾರ ವಿವಾಲ್ಡಿ ತೀರಿಕೊಂಡದ್ದು 1741ರಲ್ಲಿ, ಒಪೆರಾಗಳಿಂದ ಹೆಸರಾದ ರೊಸ್ಸಿನಿ ಹುಟ್ಟಿದ್ದು 1792ರಲ್ಲಿ. ನಡುವಿನ ಐವತ್ತು ವರ್ಷ ಇಟಲಿಯವರು ವಾದ್ಯಸಂಗೀತಕ್ಕೆ ಕೈಹಾಕಲೇ ಇಲ್ಲವೇನೋ ಎಂಬಂತೆ ಹೆಚ್ಚಿನ ಕೇಳುಗರು ಹೈಡನ್, ಮೊಜಾರ್ಟರ ವಿಯೆನ್ನಾಕ್ಕೆ ಹೊರಟುಬಿಡುತ್ತಾರೆ. ಆದರೆ ಮಿಲಾನಿನ ಜೊವಾನ್ನಿ ಬತ್ತಿಸ್ತಾ ಸಮ್ಮಾರ್ತಿನಿಯೊಬ್ಬನದೇ ಅರವತ್ತಕ್ಕೂ ಹೆಚ್ಚು ಸಿಂಫನಿಗಳು, ಅಂದರೆ ವಾದ್ಯವೃಂದಕ್ಕೆಂದು ಹಲವು ಭಾಗಗಳಲ್ಲಿ ಬರೆದ ಕೃತಿಗಳು, ಉಳಿದಿವೆ. ಹೈಡನ್ ಇನ್ನೂ ಬಾಲಕನಾಗಿದ್ದಾಗಲೇ ಈತ ಸಿಂಫನಿ ಬರೆಯುತ್ತಿದ್ದ.

ಇವು ಮರೆಗೆ ಸರಿದದ್ದಕ್ಕೆ ಮೊದಲ ಕಾರಣ ಇಟಲಿಯೇ. ಅಲ್ಲಿ ಹಣ, ಹೆಸರು ಎರಡೂ ಇದ್ದದ್ದು ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ. ವಾದ್ಯಸಂಗೀತ ನೆಚ್ಚಿಕೊಂಡವರು ಊರು ಬಿಟ್ಟರು: ಲುಕ್ಕಾದ ಬೊಕೆರಿನಿ ಸ್ಪೇನಿಗೆ, ರೋಮಿನ ಕ್ಲೆಮೆಂಟಿ ಇಂಗ್ಲೆಂಡಿಗೆ, ಪಿಟೀಲುಗಾರ ವಿಯೊಟ್ಟಿ ಪ್ಯಾರಿಸ್‌ಗೆ, ಅಲ್ಲಿಂದ ಲಂಡನ್ನಿಗೆ. ಹೋದ ದೇಶ ಅವರನ್ನು ಹೊರಗಿನವರೆಂದಿತು, ಹುಟ್ಟಿದ ದೇಶ ಮರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವಿದ್ವಾಂಸ ಹ್ಯೂಗೊ ರೀಮನ್ ಸಿಂಫನಿಯ ತವರು ತನ್ನ ದೇಶದ ಮಾನ್‌ಹೈಮ್ ನಗರ ಎಂದು ವಾದಿಸಿದ. ಇಟಲಿಯ ಫೌಸ್ತೊ ತೊರೆಫ್ರಾಂಕಾ ಅಷ್ಟೇ ಬಿರುಸಾಗಿ ಎದುರು ನಿಂತ. ಎರಡೂ ಕಡೆ ದೇಶಾಭಿಮಾನ ಧಾರಾಳವಾಗಿತ್ತು. ಇಲ್ಲದೇ ಇದ್ದದ್ದು ಒಂದೇ: ಆ ಸಂಗೀತವನ್ನು ಕೇಳಿ ತೀರ್ಮಾನಿಸುವ ಅವಕಾಶ.

ಅದನ್ನು ಕೊಟ್ಟದ್ದು ಧ್ವನಿಮುದ್ರಣ. ಆದರೆ ಅದು ಉಪಕಾರವನ್ನಷ್ಟೇ ಮಾಡಿತೆನ್ನಲಾಗದು. ಬೊಕೆರಿನಿಯ ಬಿ ಫ್ಲಾಟ್ ಚೆಲ್ಲೊ ಕನ್ಸರ್ಟೊವನ್ನೇ ನೋಡಿ (ಚೆಲ್ಲೊ ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ; ಕನ್ಸರ್ಟೊ ಎಂದರೆ ಒಂದು ವಾದ್ಯ ಮುಂದೆ ನಿಂತು ವಾದ್ಯವೃಂದದೊಂದಿಗೆ ನುಡಿಸುವ ಕೃತಿ). 1895ರಲ್ಲಿ ಡ್ರೆಸ್ಡೆನ್ನಿನ ಚೆಲ್ಲೊವಾದಕ ಫ್ರೀಡ್ರಿಖ್ ಗ್ರುಟ್ಸ್‌ಮಾಖರ್ ಅದನ್ನು ಅಚ್ಚು ಹಾಕಿಸಿದ. ಮೂಲದ ನಿಧಾನಗತಿಯ ನಡುಭಾಗವನ್ನು ಕಿತ್ತುಹಾಕಿ ಬೊಕೆರಿನಿಯದೇ ಇನ್ನೊಂದು ಕನ್ಸರ್ಟೊದ ನಡುಭಾಗವನ್ನು ತಂದು ಕೂರಿಸಿದ. ಉಳಿದ ಭಾಗಗಳಿಗೂ ಬೇರೆ ಕೃತಿಗಳ ತುಣುಕುಗಳನ್ನು ಹೊಲಿದ. ವಾದ್ಯವೃಂದಕ್ಕೆ ತನ್ನ ಕಾಲದ ದಪ್ಪ ಉಡುಪು ತೊಡಿಸಿದ. ಈ ಕಲಬೆರಕೆಯನ್ನೇ ಲೋಕ ಬೊಕೆರಿನಿ ಎಂದು ನಂಬಿತು. ಸ್ಪೇನಿನ ಹೆಸರಾಂತ ಚೆಲ್ಲೊವಾದಕ ಪಾಬ್ಲೊ ಕಸಾಲ್ಸ್ 1936ರಲ್ಲಿ ಧ್ವನಿಮುದ್ರಿಸಿದ್ದೂ ಇದನ್ನೇ.

ಮುಂದೆ ಫ್ರಾನ್ಸಿನ ಚೆಲ್ಲೊವಾದಕ ಮೊರಿಸ್ ಜಾಂಡ್ರೊನ್ ಡ್ರೆಸ್ಡೆನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಮೂಲ ರೂಪವನ್ನು ಹೊರತೆಗೆದು 1960ರಲ್ಲಿ ಧ್ವನಿಮುದ್ರಿಸಿದರು. ಆಗ ವಾದ್ಯವೃಂದವನ್ನು ನಡೆಸಿದವರು ಅದೇ ಕಸಾಲ್ಸ್! ಎರಡನ್ನೂ ಒಟ್ಟಿಗೆ ಕೇಳಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಮೂಲದಲ್ಲಿ ವಾದ್ಯವೃಂದ ತೆಳುವಾಗಿ ಹಿಂದೆ ಸರಿಯುತ್ತದೆ, ಚೆಲ್ಲೊ ಎತ್ತರದ ಸ್ವರಗಳಲ್ಲಿ ಪಿಟೀಲಿನಂತೆ ಹಗುರಾಗಿ ಓಡಾಡುತ್ತದೆ. ಇಷ್ಟಾದರೂ ಇಂಗ್ಲೆಂಡಿನ ಚೆಲ್ಲೊವಾದಕಿ ಜಾಕ್ಲಿನ್ ದು ಪ್ರೆ 1967ರಲ್ಲಿ ಆಯ್ದುಕೊಂಡದ್ದು ಗ್ರುಟ್ಸ್‌ಮಾಖರನ ಆವೃತ್ತಿಯನ್ನೇ. ಅವರ ವಾದನ ಎಷ್ಟು ಸೊಗಸೆಂದರೆ, ಆ ಆವೃತ್ತಿಗೆ ಇನ್ನೂ ಸಾವಿಲ್ಲ. ನನಗಂತೂ ಇದು ಬೇಸರದ ಸಂಗತಿಯಲ್ಲ. ಆದರೆ ಡಿಸ್ಕಿನ ಮೇಲೆ ಬೊಕೆರಿನಿ, ಗ್ರುಟ್ಸ್‌ಮಾಖರ್ ಇಬ್ಬರ ಹೆಸರನ್ನೂ ಹಾಕುವುದು ನ್ಯಾಯ.

1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಹೊಸ ಸರಕಿಗೆ ಬೇಡಿಕೆ ಹುಟ್ಟಿತು. ವಿವಾಲ್ಡಿಯ ಕೃತಿಗಳನ್ನು ನುಡಿಸಿ ಹೆಸರು ಮಾಡಿದ ಪಾದುವಾದ ಇ ಸೊಲಿಸ್ತಿ ವೆನೆತಿ ತಂಡದ ನಿರ್ದೇಶಕ ಕ್ಲಾವ್ದಿಯೊ ಶಿಮೊನೆ, 1970ರ ದಶಕದಲ್ಲಿ ಕ್ಲೆಮೆಂಟಿಯ ಸಿಂಫನಿಗಳನ್ನು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮುದ್ರಿಸಿದರು. ಕೊನೆಗಾಲದ ನಾಲ್ಕು ಸಿಂಫನಿಗಳ ಹಾಳೆಗಳು ಲಂಡನ್ ಮತ್ತು ವಾಷಿಂಗ್ಟನ್ನಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು; ಪಿಯೆತ್ರೊ ಸ್ಪಾದಾ ಅವನ್ನು ಕೂಡಿಸಿ ನುಡಿಸಬಲ್ಲ ರೂಪಕ್ಕೆ ತಂದಿದ್ದರು. ವಿಯೊಟ್ಟಿಯ 29 ಪಿಟೀಲು ಕನ್ಸರ್ಟೊಗಳಲ್ಲಿ ಬ್ರಾಮ್ಸ್ ಮೆಚ್ಚಿದ 22ನೆಯದು ಮಾತ್ರ ವೇದಿಕೆಯಲ್ಲಿ ಉಳಿದಿತ್ತು. ಪಿಟೀಲುಗಾರ ಫ್ರಾಂಕೊ ಮೆಜ್ಜೆನಾ ಎಲ್ಲವನ್ನೂ ಮುದ್ರಿಸಿದ ಮೇಲೆ ಉಳಿದವುಗಳಿಗೂ ದನಿ ಬಂತು. ಎಲ್ಲವೂ ರತ್ನಗಳೇನಲ್ಲ, ಕೆಲವು ಬರೀ ಬೆರಳಿನ ಕಸರತ್ತು.

ಈ ಹುಡುಕಾಟದಲ್ಲಿ ನನಗೆ ಹೆಚ್ಚು ಇಷ್ಟವಾದವನು ಫಾನೊದಲ್ಲಿ ಹುಟ್ಟಿ ಮ್ಯಾಡ್ರಿಡ್ ಆಸ್ಥಾನ ಸೇರಿದ ಗಯೆತಾನೊ ಬ್ರುನೆತ್ತಿ. ಅರಮನೆಗೆಂದು ಬರೆದ ಅವನ ಸಂಗೀತದಲ್ಲಿ ಅಚ್ಚಾದದ್ದು ತೀರಾ ಕಡಿಮೆ, ಹೀಗಾಗಿ ಹೆಸರೂ ಹೊರಗೆ ಹಬ್ಬಲಿಲ್ಲ. 1780ರ ಅವನ 33ನೆಯ ಸಿಂಫನಿಯ ಹೆಸರು ‘ಇಲ್ ಮನಿಯಾತಿಕೊ’, ಅಂದರೆ ಹುಚ್ಚ. ಹುಚ್ಚನ ಪಾತ್ರದಲ್ಲಿ ಒಂಟಿ ಚೆಲ್ಲೊ ಒಂದೇ ಕಂಪಿತ ಸ್ವರಗುಚ್ಛಕ್ಕೆ ಜೋತುಬಿದ್ದು ಹಟ ಹಿಡಿಯುತ್ತದೆ. ಉಳಿದ ವಾದ್ಯಗಳು ಗೆಳೆಯರಂತೆ ಬಗೆಬಗೆಯ ರಾಗದ ಆಮಿಷವೊಡ್ಡುತ್ತವೆ. ಅದು ತುಸು ಮಣಿದಂತೆ ತೋರಿ ಮತ್ತೆ ತನ್ನ ಗೀಳಿಗೇ ಮರಳುತ್ತದೆ. ಕಾನ್ಸೆರ್ಟೊ ಕೆಲ್ನ್ ತಂಡ ಇದನ್ನು ಹಳೆಯ ಕಾಲದ ವಾದ್ಯಗಳಲ್ಲಿ ಮುದ್ರಿಸಿದೆ. ಇಟಲಿಯ ಈ ಕಾಲದ ಸಂಗೀತಕ್ಕೆ ಹೊಸಬರಾದವರು ಸಮ್ಮಾರ್ತಿನಿಗಿಂತ ಮೊದಲು ಇದನ್ನು ಕೇಳಲಿ.