ಹೆಸರು ಬಯಲು ಮಾಡುವ ಮುನ್ನ

ಅಮೆರಿಕದ ಡೆಲವೇರ್ ರಾಜ್ಯದ ಸ್ಮಿರ್ನಾ ಎಂಬ ಪುಟ್ಟ ಪಟ್ಟಣದಲ್ಲಿ 2004ರಲ್ಲಿ ಯಾರೋ ಒಬ್ಬರು ತಮ್ಮ ಹೆಸರು ಹೇಳದೆ ಪುರಸಭೆಯ ಸದಸ್ಯರೊಬ್ಬರನ್ನು ಅಂತರಜಾಲದಲ್ಲಿ ಕಟುವಾಗಿ ಟೀಕಿಸಿದರು. ಇದರಿಂದ ತಮಗೆ ಮಾನಹಾನಿಯಾಯಿತೆಂದು ಆ ಸದಸ್ಯರು ದಾವೆ ಹೂಡಿದರು. ಪ್ರತಿವಾದಿ ಯಾರೆಂಬುದೇ ತಿಳಿಯದ ಕಾರಣ, ಅಲ್ಲಿನ ನ್ಯಾಯಾಲಯಗಳ ರೂಢಿಯಂತೆ ಆ ಜಾಗದಲ್ಲಿ 'ಜಾನ್ ಡೋ' ಎಂಬ ಕಲ್ಪಿತ ಹೆಸರು ಬಂತು. ಟೀಕಾಕಾರರ ಜಾಡು ಹಿಡಿಯಲು ಆ ಸದಸ್ಯರ ಕೈಯಲ್ಲಿದ್ದ ಎಳೆ ಒಂದೇ: ಐಪಿ ವಿಳಾಸ.

ಅಂತರಜಾಲಕ್ಕೆ ಸೇರುವ ಪ್ರತಿ ಸಂಪರ್ಕಕ್ಕೂ ಸೇವಾ ಕಂಪನಿಯು ಇಂಥದೊಂದು ಅಂಕಿಯ ವಿಳಾಸ ಕೊಡುತ್ತದೆ. ನಾವು ತೆರೆದ ತಾಣದ ಸರ್ವರ್ ಆ ವಿಳಾಸವನ್ನೂ ಹೊತ್ತನ್ನೂ ತನ್ನ ಲಾಗ್‌ನಲ್ಲಿ ಸಾಮಾನ್ಯವಾಗಿ ಬರೆದಿಟ್ಟುಕೊಳ್ಳುತ್ತದೆ. ಆದ್ದರಿಂದ ಗುಪ್ತನಾಮದ ಹಿಂದಿರುವವರನ್ನು ಹುಡುಕುವ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ತಾಣದವರಿಂದ ವಿಳಾಸ ಪಡೆಯಬೇಕು, ಅನಂತರ ಆ ಹೊತ್ತಿನಲ್ಲಿ ಅದು ಯಾವ ಗ್ರಾಹಕರ ಪಾಲಿಗೆ ಬಂದಿತ್ತೆಂದು ಸೇವಾ ಕಂಪನಿಯನ್ನು ಕೇಳಬೇಕು.

ಇದು ತೋರುವಷ್ಟು ಖಚಿತವಾದ ವಿಧಾನವಲ್ಲ. ಐಪಿ ನಾಲ್ಕನೇ ಆವೃತ್ತಿಯಲ್ಲಿರುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಅವು ಸಾಲದೆ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಆಗ ಒಂದೇ ವಿಳಾಸ ಹಂಚಿಕೊಂಡವರ ಸಂಪರ್ಕಗಳನ್ನು ಬೇರ್ಪಡಿಸಿ ತೋರಿಸುವ ಪೋರ್ಟ್ ಸಂಖ್ಯೆಯೂ ನಿಖರವಾದ ಹೊತ್ತೂ ದೊರೆಯದಿದ್ದರೆ ಬೆರಳು ತಪ್ಪು ಮನೆಯತ್ತ ತಿರುಗಬಹುದು. ಅನೇಕ ಸರ್ವರ್‌ಗಳು ಹೊತ್ತನ್ನು ಜಾಗತಿಕ ಸಮಯದಲ್ಲಿ ದಾಖಲಿಸುವುದರಿಂದ, ಅದನ್ನು ಭಾರತೀಯ ಕಾಲಮಾನವೆಂದು ಓದಿಕೊಂಡ ಅಧಿಕಾರಿಯ ಲೆಕ್ಕ ಐದೂವರೆ ಗಂಟೆ ತಪ್ಪುತ್ತದೆ. ಎಲ್ಲವೂ ಸರಿಯಾಗಿದ್ದರೂ ಸಿಗುವುದು ಬಿಲ್ ಕಟ್ಟುವವರ ಹೆಸರೇ ಹೊರತು ಬರೆದವರ ಹೆಸರಲ್ಲ. ಮನೆಮಂದಿಯೆಲ್ಲ, ಹಾಸ್ಟೆಲಿನ ಹುಡುಗರೆಲ್ಲ ಬಳಸುವ ಒಂದು ವೈಫೈ ಸಂಪರ್ಕವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ಸ್ವತಃ ತಪ್ಪು ಮಾಡದಿದ್ದರೂ ಮಾಹಿತಿ ಇಟ್ಟುಕೊಂಡಿರುವ ಮೂರನೆಯವರಿಂದ ಅದನ್ನು ಕೇಳಿ ಪಡೆಯುವ ಹಾದಿ ಅಂತರಜಾಲಕ್ಕಿಂತ ಹಳೆಯದು. ಪೇಟೆಂಟ್ ಉಲ್ಲಂಘಿಸಿ ರಾಸಾಯನಿಕವೊಂದನ್ನು ತರಿಸಿಕೊಳ್ಳುತ್ತಿದ್ದವರ ಹೆಸರುಗಳನ್ನು ಸುಂಕ ಇಲಾಖೆ ತಿಳಿಸಬೇಕೆಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1973ರಲ್ಲೇ ನಾರ್ವಿಚ್ ಫಾರ್ಮಕಲ್ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಆದರೆ ಟೀಕಾಕಾರರ ಹೆಸರು ಬಯಲಾಯಿತೆಂದರೆ ಅದನ್ನು ಮತ್ತೆ ಮುಚ್ಚಿಡಲು ಯಾವ ನ್ಯಾಯಾಲಯಕ್ಕೂ ಆಗದು. ದಾವೆ ಕೊನೆಗೆ ಬಿದ್ದುಹೋದರೂ ಅವರ ಕೆಲಸ ಹೋಗಬಹುದು, ಊರಿನಲ್ಲಿ ಬದುಕುವುದೇ ಕಷ್ಟವಾಗಬಹುದು.

ಸ್ಮಿರ್ನಾದ ಪ್ರಕರಣ ಮುಖ್ಯವಾಗುವುದು ಇಲ್ಲಿಯೇ. ಹೆಸರು ಕೊಡುವ ಮೊದಲು, ಆ ಐಪಿ ವಿಳಾಸ ಕೊಟ್ಟಿದ್ದ ಅಂತರಜಾಲ ಸೇವಾ ಕಂಪನಿ ಕಾಮ್‌ಕಾಸ್ಟ್ ಕಾನೂನಿನಂತೆ ತನ್ನ ಗ್ರಾಹಕರಿಗೆ ಸೂಚನೆ ಕಳುಹಿಸಿತು. ಅವರು 'ಡೋ' ಆಗಿಯೇ ಉಳಿದು ನ್ಯಾಯಾಲಯದಲ್ಲಿ ಆಕ್ಷೇಪಣೆ ಸಲ್ಲಿಸಿದರು. ದಾವೆದಾರರ ಸದುದ್ದೇಶವಷ್ಟೇ ಸಾಕೆಂದು ಕೆಳಗಿನ ನ್ಯಾಯಾಲಯ ಹೇಳಿತ್ತು. ಡೆಲವೇರ್ ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ತಳ್ಳಿಹಾಕಿತು. ಗೆಲ್ಲುವುದಕ್ಕಲ್ಲ, ಟೀಕಾಕಾರರನ್ನು ಪತ್ತೆಹಚ್ಚುವುದಕ್ಕೆಂದೇ ದಾವೆ ಹೂಡುವವರಿದ್ದಾರೆಂದು ಅದು ಗುರುತಿಸಿತು. ಬರೆದವರಿಗೆ ಮೊದಲೇ ತಿಳಿಸುವ ಪ್ರಯತ್ನ ಮಾಡಬೇಕು, ದಾವೆದಾರರು ತಮ್ಮ ಕೈಯಲ್ಲಿ ಸಾಧ್ಯವಿರುವ ಸಾಕ್ಷ್ಯವನ್ನು ಮುಂದಿಡಬೇಕು, ಆ ಬಳಿಕವೇ ಹೆಸರಿನ ಮಾತು ಎಂದಿತು. ವಿವೇಕಿಯಾದ ಓದುಗ ಆ ಬರಹವನ್ನು ಅಭಿಪ್ರಾಯವೆಂದೇ ತಿಳಿಯುತ್ತಾನೆಂದು ದಾವೆಯನ್ನೂ ವಜಾಗೊಳಿಸಿತು. ನನ್ನ ದೃಷ್ಟಿಯಲ್ಲಿ ಈ ತೀರ್ಪಿನ ನಿಜವಾದ ಶಕ್ತಿ ಆ ಮುಂಚಿತ ಸೂಚನೆಯಲ್ಲಿದೆ. ಸುದ್ದಿಯೇ ತಿಳಿಯದವರು ತಮ್ಮ ಹಕ್ಕನ್ನು ಕಾಪಾಡಿಕೊಳ್ಳುವುದಾದರೂ ಹೇಗೆ?

ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ದೊಡ್ಡ ಸಂದೇಶ ಸೇವೆಗಳು ಸಂದೇಶವೊಂದನ್ನು ಮೊದಲು ಕಳುಹಿಸಿದವರನ್ನು ಗುರುತಿಸಿಕೊಡಬೇಕೆನ್ನುತ್ತವೆ. ಇದು ಎಲ್ಲರ ಗೌಪ್ಯತೆಯನ್ನೂ ಸಡಿಲಿಸುತ್ತದೆಂದು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟಿನ ಮೊರೆಹೋಯಿತು.

ಆದರೂ ಗುಪ್ತನಾಮದ ಮರೆಯಿಂದ ಬರುವ ಕೊಲೆ ಬೆದರಿಕೆ, ಅಶ್ಲೀಲ ಸಂದೇಶಗಳನ್ನು ಎದುರಿಸುವ ಹೆಣ್ಣುಮಕ್ಕಳಿಗೆ ಕಾಯಿರಿ ಎನ್ನುವುದು ಅನ್ಯಾಯ. ಲಾಗ್‌ಗಳು ಶಾಶ್ವತವಾಗಿ ಉಳಿಯುವುದೂ ಇಲ್ಲ. ಹೀಗಾಗಿ ದಾಖಲೆಯನ್ನು ಉಳಿಸುವ ಆದೇಶವನ್ನೂ ಹೆಸರು ತಿಳಿಸುವ ಆದೇಶವನ್ನೂ ಬೇರ್ಪಡಿಸಬೇಕು. ಮೊದಲನೆಯದು ದೂರು ಬಂದ ದಿನವೇ ಹೊರಡಲಿ, ಎರಡನೆಯದು ನ್ಯಾಯಾಧೀಶರು ಸಾಕ್ಷ್ಯವನ್ನು ಓದಿದ ಮೇಲೆ ಬರಲಿ.