ಟ್ರಿಗರ್ ಲಾ ಅಂದರೆ ಏನು?

ಅಮೆರಿಕದ ಗರ್ಭಪಾತದ ಜಗಳದ ಸುದ್ದಿ ಓದುವವರಿಗೆ ‘ಟ್ರಿಗರ್ ಲಾ’ ಅನ್ನುವ ಮಾತು ಪದೇ ಪದೇ ಸಿಗುತ್ತದೆ. ಶಾಸಕರು ಪಾಸು ಮಾಡಿ, ಗವರ್ನರ್ ಸಹಿ ಹಾಕಿದ ಮೇಲೂ ಸುಮ್ನೆ ಕಡತದಲ್ಲಿ ಮಲಗಿರುವ ಕಾನೂನು ಇದು. ಬೇರೆ ಕಡೆ ಏನೋ ಒಂದು ನಡೆದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ತಾರೀಖು ಬರೆಯದೆ ಸಹಿ ಮಾತ್ರ ಹಾಕಿಟ್ಟ ಚೆಕ್ ಇದ್ದ ಹಾಗೆ.

ಇಲ್ಲಿ ಕಾಯುತ್ತಿದ್ದುದು ‘ರೋ ವರ್ಸಸ್ ವೇಡ್’ ತೀರ್ಪು ಬೀಳಲಿ ಎಂದು. ಗರ್ಭಪಾತದ ಹಕ್ಕಿಗೆ ಸಂವಿಧಾನದ ರಕ್ಷಣೆ ಇದೆ ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಇರುವ ತನಕ ಯಾವ ರಾಜ್ಯ ಪೂರ್ತಿ ನಿಷೇಧ ತಂದರೂ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಕೆಲವು ರಾಜ್ಯಗಳು ರೋ ಹೋದರೆ ತಮ್ಮಲ್ಲಿ ನಿಷೇಧ ಜಾರಿ ಎಂದು ಮೊದಲೇ ಬರೆದಿಟ್ಟವು. ಸೌತ್ ಡಕೋಟ 2005ರಲ್ಲಿ, ಲೂಸಿಯಾನ 2006ರಲ್ಲಿ, ಮಿಸಿಸಿಪ್ಪಿ 2007ರಲ್ಲಿ. ಟ್ರಂಪ್ ನೇಮಿಸಿದ ನ್ಯಾಯಮೂರ್ತಿಗಳು ಸುಪ್ರೀಂ ಕೋರ್ಟಿಗೆ ಬಂದ ಮೇಲೆ, 2019ರಿಂದ ಈಚೆಗೆ, ಇಂಥ ಕಾನೂನು ಜಾಸ್ತಿಯಾದವು. 2022ರ ಹೊತ್ತಿಗೆ 13 ರಾಜ್ಯಗಳಲ್ಲಿ ಇದ್ದವು.

ನನಗನ್ನಿಸುವುದು, ಶಾಸಕರ ಮಟ್ಟಿಗೆ ಇದು ಪುಕ್ಕಟೆ ಲಾಭ. ಗರ್ಭಪಾತ ಬೇಡ ಅನ್ನುವ ಮತದಾರರ ಮುಂದೆ ‘ನಾವು ನಿಷೇಧಿಸಿದೆವು’ ಎಂದು ಹೇಳಿಕೊಳ್ಳಬಹುದು. ಅದೇ ಹೊತ್ತಿಗೆ ಈ ಕಾನೂನಿನಿಂದ ಒಂದು ಕ್ಲಿನಿಕ್ಕೂ ಮುಚ್ಚುವುದಿಲ್ಲ, ಯಾವ ಹೆಂಗಸೂ ಆಸ್ಪತ್ರೆಯಿಂದ ವಾಪಸ್ ಬರಬೇಕಾಗಿಲ್ಲ, ಹಾಗಾಗಿ ಉಳಿದ ಮತದಾರರಿಗೆ ಅಷ್ಟು ಸಿಟ್ಟೂ ಬರುವುದಿಲ್ಲ. ಚುನಾವಣೆಯಲ್ಲಿ ಬೆಲೆ ತೆರದೆ ಸಿಗುವ ಕಾನೂನು ಯಾರಿಗೆ ಬೇಡ?

2022ರ ಜೂನ್ 24ರಂದು ಸುಪ್ರೀಂ ಕೋರ್ಟಿನ ‘ಡಾಬ್ಸ್’ ಮೊಕದ್ದಮೆಯ ತೀರ್ಪು ಬಂತು, ರೋ ಹೋಯಿತು. ಕೆಂಟಕಿ, ಲೂಸಿಯಾನ, ಸೌತ್ ಡಕೋಟಗಳಲ್ಲಿ ನಿಷೇಧ ತಕ್ಷಣ ಜಾರಿ. ಟೆಕ್ಸಾಸಿನಲ್ಲಿ 30 ದಿನದ ಲೆಕ್ಕವಿತ್ತು, ಅದೂ ಕೋರ್ಟಿನ ಅಧಿಕೃತ ಆದೇಶ ಜುಲೈ 26ರಂದು ಹೊರಬಿದ್ದ ಮೇಲಿಂದ; ಹಾಗಾಗಿ ನಿಷೇಧ ಆಗಸ್ಟ್ 25ರಂದು ಬಂತು.

ಇದನ್ನು ‘ಜಾಂಬಿ ಲಾ’ ಜೊತೆ ಕಲಸಬೇಡಿ. ಅದು ರೋ ತೀರ್ಪಿಗಿಂತ ಹಳೆಯ ಕಾನೂನು, ಯಾರೂ ತೆಗೆದುಹಾಕದೆ ಪುಸ್ತಕದಲ್ಲಿ ಉಳಿದದ್ದು. ಅರಿಜೋನದ್ದು 1864ರದ್ದು, ಅರಿಜೋನ ಆಗಿನ್ನೂ ರಾಜ್ಯವೇ ಆಗಿರಲಿಲ್ಲ! ಅದನ್ನು ಜಾರಿ ಮಾಡಬಹುದು ಎಂದು 2024ರ ಏಪ್ರಿಲ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಚುನಾವಣೆ ಹತ್ತಿರ ಇತ್ತಲ್ವಾ, ಮುಂದಿನ ತಿಂಗಳೇ ಕಾನೂನು ರದ್ದಾಯಿತು.

ಟ್ರಿಗರ್ ಎಳೆದ ಕಡೆಯೆಲ್ಲ ಗುಂಡು ಹಾರಲೂ ಇಲ್ಲ. ವ್ಯೋಮಿಂಗ್‌ನಲ್ಲಿ ರಾಜ್ಯದ ಕೋರ್ಟೇ ತಡೆಯಿತು. ತಡೆಗೆ ಆಧಾರವಾದದ್ದು ರಾಜ್ಯದ ಸಂವಿಧಾನಕ್ಕೆ 2012ರಲ್ಲಿ ಮಾಡಿದ ಒಂದು ತಿದ್ದುಪಡಿ: ತನ್ನ ಆರೋಗ್ಯದ ತೀರ್ಮಾನ ತನ್ನದೇ ಎಂಬ ಹಕ್ಕು. ಅದನ್ನು ತಂದದ್ದು ಒಬಾಮಾಕೇರ್, ಅಂದರೆ ಒಬಾಮಾ ಕಾಲದ ಆರೋಗ್ಯ ವಿಮೆಯ ಕಾನೂನು, ಅದರ ಮೇಲಿನ ಸಿಟ್ಟಿಗೆ. ತಂದವರು ಇದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಚುನಾವಣೆಯ ನಂಟು ಚೆನ್ನಾಗಿ ಕಾಣುವುದು ಮಿಸೌರಿಯಲ್ಲಿ. 2019ರ ಅವರ ಕಾನೂನಿಗೆ ಜೀವ ಬರಲು ರೋ ಬಿದ್ದಿದೆ ಎಂದು ಅಟಾರ್ನಿ ಜನರಲ್ ಬರೆದುಕೊಟ್ಟರೂ ಸಾಕಿತ್ತು. ಆಗ ಆ ಹುದ್ದೆಯಲ್ಲಿದ್ದ ಎರಿಕ್ ಶ್ಮಿಟ್, ಡಾಬ್ಸ್ ತೀರ್ಪು ಬಂದ ಕೆಲವೇ ನಿಮಿಷಗಳಲ್ಲಿ ಆ ಕಾಗದಕ್ಕೆ ಸಹಿ ಹಾಕಿದರು. ಅವರು ಆಗ ಸೆನೆಟ್ ಅಭ್ಯರ್ಥಿ, ನವೆಂಬರಿನಲ್ಲಿ ಗೆದ್ದರು ಕೂಡ. ಅತ್ಯಾಚಾರದಿಂದ ಬಸಿರಾದವರಿಗೂ ಆ ಕಾನೂನಿನಲ್ಲಿ ವಿನಾಯಿತಿ ಇರಲಿಲ್ಲ. 2024ರ ನವೆಂಬರಿನಲ್ಲಿ ಮತದಾರರು ರಾಜ್ಯದ ಸಂವಿಧಾನದ ತಿದ್ದುಪಡಿಗೆ ಹತ್ತಿರ ಹತ್ತಿರ ಶೇ. 52 ಮತ ಕೊಟ್ಟು ಗರ್ಭಪಾತದ ಹಕ್ಕನ್ನು ವಾಪಸ್ ತಂದರು. ಅದೇ ದಿನ, ಅದೇ ರಾಜ್ಯದಲ್ಲಿ ಟ್ರಂಪ್‌ಗೆ ಶೇ. 58ಕ್ಕಿಂತ ಜಾಸ್ತಿ ಮತ! ಪಕ್ಷಕ್ಕೆ ಹಾಕುವ ಓಟು ಬೇರೆ, ಈ ಪ್ರಶ್ನೆಗೆ ಹಾಕುವ ಓಟು ಬೇರೆ ಎಂದುಕೊಂಡವರು ಅಲ್ಲಿ ಕಮ್ಮಿ ಏನಿಲ್ಲ. ಶಾಸಕರಂತೂ ಸುಮ್ಮನಾಗಲಿಲ್ಲ. ಆ ತಿದ್ದುಪಡಿಯನ್ನು ತೆಗೆದುಹಾಕುವ ಇನ್ನೊಂದು ತಿದ್ದುಪಡಿಯನ್ನು 2025ರಲ್ಲಿ ಪಾಸು ಮಾಡಿ, 2026ರ ನವೆಂಬರಿನ ಒಳಗೆ ಜನರ ಮತಕ್ಕೆ ಇಡಲು ತೀರ್ಮಾನಿಸಿದರು.