ಮೊದಲು ಅರ್ಜಿ, ಆಮೇಲೆ ಪೇಪರ್

"ಸರ್, ನಮ್ಮ ಪೇಪರ್ ಪಬ್ಲಿಷ್ ಆಯ್ತು, ಇನ್ನು ಪೇಟೆಂಟ್ ಮಾಡಿಸೋಣ." ಫೋನಿನಲ್ಲಿ ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಮೆಡಿಕಲ್, ನರ್ಸಿಂಗ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂಶೋಧನೆ ಮಾಡುವವರಿಗೆ ಪೇಟೆಂಟ್ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಇಷ್ಟು ವರ್ಷದಿಂದ ಹೇಳುತ್ತಿರುವುದು ಒಂದೇ ಮಾತು. ಅರ್ಜಿ ಹಾಕುವ ದಿನಕ್ಕೆ ನಿಮ್ಮ ವಿಷಯ ಲೋಕಕ್ಕೆ ಹೊಸದಾಗಿರಬೇಕು.

"ಆದ್ರೆ ಅದು ನಮ್ಮದೇ ಪೇಪರ್ ಅಲ್ವಾ?" ಎಲ್ಲರೂ ಇದನ್ನೇ ಕೇಳುತ್ತಾರೆ. ಹೌದು, ನಿಮ್ಮದೇ. ಬೇರೆಯವರು ಬರೆದಿದ್ದರೆ ಮಾತ್ರ ಅಡ್ಡಿ, ನಾವೇ ಬರೆದರೆ ತೊಂದರೆ ಇಲ್ಲ ಅಂತ ಅಂದುಕೊಂಡಿರುತ್ತಾರೆ. ಹಾಗಲ್ಲ. ನಿಮ್ಮ ಕೈಯಾರೆ ನೀವು ಜನರ ಮುಂದಿಟ್ಟ ಮೇಲೆ ಅದು ಹಳತಾಯಿತು. ಇದು ಜರ್ನಲ್‌ಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ಸಮ್ಮೇಳನದ ಪೋಸ್ಟರ್, ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹಕ್ಕೆ ಏರಿಸಿದ ಥೀಸಿಸ್, ಕಾಲೇಜಿನ ವಸ್ತುಪ್ರದರ್ಶನ, ಯಾರೋ ಪ್ರೀತಿಯಿಂದ ಮಾಡಿ ಹಾಕಿದ ಯೂಟ್ಯೂಬ್ ವಿಡಿಯೊ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಬ್ಬರು ನರ್ಸಿಂಗ್ ಅಧ್ಯಾಪಕಿ ಬಂದಿದ್ದರು. ಸ್ಟೀಲ್ ಟಿಫಿನ್ ಡಬ್ಬಿ ತೆರೆದು, ಹತ್ತಿಯ ಮೇಲೆ ಮಲಗಿಸಿದ್ದ ಒಂದು ಪುಟ್ಟ ಸ್ಪ್ಲಿಂಟ್ ತೆಗೆದು ಮೇಜಿನ ಮೇಲಿಟ್ಟರು. ಎಳೆ ಮಕ್ಕಳಿಗೆ ಡ್ರಿಪ್ ಹಾಕಿದಾಗ ಕೈ ಅಲ್ಲಾಡದಿರಲಿ ಅಂತ ನರ್ಸ್‌ಗಳು ಔಷಧಿ ಪೆಟ್ಟಿಗೆಯ ರಟ್ಟು ಕತ್ತರಿಸಿ, ಹತ್ತಿ ಸುತ್ತಿ, ಟೇಪ್ ಹಾಕಿ ಕಟ್ಟುತ್ತಾರೆ. ಟೇಪ್ ಕೆಳಗೆ ಊತ ಬಂದರೆ ಬೇಗ ಕಾಣುವುದಿಲ್ಲ. ಇವರು ಸೂಜಿ ಚುಚ್ಚಿದ ಜಾಗದ ಮೇಲೆ ಪಾರದರ್ಶಕ ಕಿಟಕಿ ಇಟ್ಟಿದ್ದರು. ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗಷ್ಟೇ ಹೊಳೆಯುವ ಉಪಾಯ ಅದು, ನನಗೆ ತುಂಬಾ ಇಷ್ಟವಾಯಿತು. ಆಮೇಲೆ ಕೇಳಿದೆ, "ಇದನ್ನು ಎಲ್ಲಾದರೂ ತೋರಿಸಿದ್ದೀರಾ ಮೇಡಂ?" ಅವರು ಖುಷಿಯಿಂದ ಮೊಬೈಲ್ ತೆಗೆದರು. ಕಾಲೇಜು ಪ್ರದರ್ಶನದ ವಿಡಿಯೊ. ಒಂದೊಂದೇ ಭಾಗ ಬಿಚ್ಚಿ, ಯಾವುದು ಯಾಕೆ ಅಂತ ಚೆನ್ನಾಗಿ ವಿವರಿಸಿದ್ದಾರೆ. ಆ ಪ್ರದರ್ಶನ ಆಗಿ ನಾಲ್ಕು ತಿಂಗಳಾಗಿತ್ತು.

ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ತೋರಿಸಿದ ಮೇಲೂ ಅರ್ಜಿ ಹಾಕಲು 12 ತಿಂಗಳ ವಿನಾಯಿತಿ ಇದೆ, ನಿಜ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ, ಇಂಥ ಕೆಲವೇ ಸಂದರ್ಭಗಳಿಗೆ. ಕಾಲೇಜಿನ ಪ್ರದರ್ಶನ ಅದರಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಸಂಶೋಧಕರಿಗೆ ಒಂದು ವರ್ಷದ ಅವಕಾಶ ಇದೆ, ಯುರೋಪಿನಲ್ಲಿ ಹಾಗೆ ಇಲ್ಲ. ದೊಡ್ಡವರೂ ಇದರಲ್ಲಿ ಪೆಟ್ಟು ತಿಂದಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಹರ್ಬರ್ಟ್ ಬೋಯರ್ ಡಿಎನ್‌ಎ ಕತ್ತರಿಸಿ ಜೋಡಿಸುವ ವಿಧಾನವನ್ನು 1973ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಪೇಟೆಂಟ್ ಯೋಚನೆ ಬಂದದ್ದು ಮರುವರ್ಷ, ಸ್ಟ್ಯಾನ್‌ಫರ್ಡ್‌ನ ಲೈಸೆನ್ಸ್ ವಿಭಾಗದ ನೀಲ್ಸ್ ರೀಮರ್ಸ್ ಪತ್ರಿಕೆಯಲ್ಲಿ ಆ ಸುದ್ದಿ ಓದಿದ ಮೇಲೆ. ಅರ್ಜಿ ಹಾಕಿದ್ದು 1974ರ ನವೆಂಬರ್ 4ಕ್ಕೆ, ಗಡುವಿಗೆ ಒಂದೇ ವಾರ ಉಳಿದಿತ್ತು. ಅಮೆರಿಕದ ಹಕ್ಕು ಉಳಿಯಿತು. ಬೇರೆ ದೇಶಗಳದ್ದು ಹೋಯಿತು.

"ನಾವು ದುಡ್ಡಿಗಾಗಿ ಮಾಡಿದ್ದಲ್ಲ ಸರ್, ಸೇವೆಗೆ" ಅನ್ನುವವರೂ ಇದ್ದಾರೆ. ಅವರ ಮೇಲೆ ನನಗೆ ಗೌರವ ಇದೆ. ಆದರೆ ಇನ್ಸುಲಿನ್ ಕಂಡುಹಿಡಿದವರೂ ಪೇಟೆಂಟ್ ಪಡೆದರು. 1923ರಲ್ಲಿ ಅದನ್ನು ತಲಾ 1 ಡಾಲರ್‌ಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬೇರೆ ಯಾರೂ ಅದನ್ನು ಬಾಚಿಕೊಳ್ಳಬಾರದು, ಕಳಪೆ ಇನ್ಸುಲಿನ್ ರೋಗಿಗಳ ಮೈಗೆ ಹೋಗಬಾರದು ಅಂತ. ಕಾಗದ ಕೈಯಲ್ಲಿದ್ದರೆ ತಾನೇ ಬಿಟ್ಟುಕೊಡುವ ಅಧಿಕಾರವೂ ನಿಮ್ಮದಾಗುವುದು?

ಹಾಗಂತ ಪೇಪರ್ ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಕ್ರಮ ಬದಲಿಸಿ. ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಅಂತ ಇದೆ, ಅದರಲ್ಲಿ ಕ್ಲೇಮ್‌ಗಳೂ (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಸಾಲುಗಳು) ಬೇಕಿಲ್ಲ. ಪೂರ್ಣ ಅರ್ಜಿಗೆ ಆಮೇಲೆ 12 ತಿಂಗಳ ಸಮಯ. ಆನ್‌ಲೈನ್‌ನಲ್ಲಿ ಹಾಕಿದರೆ ಶಿಕ್ಷಣ ಸಂಸ್ಥೆಗೆ ಸರ್ಕಾರಿ ಶುಲ್ಕ 1600 ರೂಪಾಯಿ, ಏಜೆಂಟರ ಶುಲ್ಕ ಬೇರೆ. ಸಂಜೆ ಅರ್ಜಿ ಹಾಕಿ ಮರುದಿನ ಬೆಳಿಗ್ಗೆ ಜರ್ನಲ್‌ಗೆ ಕಳಿಸಿದವರಿದ್ದಾರೆ. ಒಂದು ಎಚ್ಚರಿಕೆ: ಅದರಲ್ಲಿ ಏನು ಬರೆದಿರುತ್ತೀರೋ ಅದಕ್ಕಷ್ಟೇ ಅರ್ಜಿ ಹಾಕಿದ ಆ ತಾರೀಖು ಸಿಗುತ್ತದೆ, ಹಾಗಾಗಿ ನಾಲ್ಕು ಸಾಲು ಗೀಚಿ ಕೊಡಬೇಡಿ. ಅರ್ಜಿ ಹಾಕುವ ಮೊದಲು ಹೊರಗಿನವರಿಗೆ ತೋರಿಸಲೇಬೇಕಾದರೆ ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ. ಚಿಕಿತ್ಸೆಯ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟ್ ಇಲ್ಲ, ಉಪಕರಣಕ್ಕೆ ಇದೆ. ಒಬ್ಬೊಬ್ಬರ ಸಂಗತಿ ಒಂದೊಂದು ಥರ ಇರುತ್ತದೆ, ನಿಮ್ಮ ದಾಖಲೆ ನೋಡದೆ ನಾನು ಇದಕ್ಕಿಂತ ಜಾಸ್ತಿ ಹೇಳಲಾರೆ.

ಆ ಅಧ್ಯಾಪಕಿಯ ವಿಡಿಯೊವನ್ನು ಮೂರು ಸಲ ನೋಡಿದೆ. ಅದರಲ್ಲಿದ್ದದ್ದು ವೆಲ್ಕ್ರೋ ಪಟ್ಟಿ, ಡಬ್ಬಿಯಲ್ಲಿದ್ದದ್ದು ಸಿಲಿಕೋನ್ ಗುಂಡಿ. ಯಾಕೆ ಬದಲಿಸಿದಿರಿ ಅಂತ ಕೇಳಿದೆ. "ಬಿಚ್ಚುವಾಗ ಚರ್ ಅಂತ ಸದ್ದಾಗಿ ಮಗು ಎದ್ದುಬಿಡ್ತಿತ್ತು ಸರ್. ಇದನ್ನು ಒಂದೇ ಬೆರಳಲ್ಲಿ ತೆಗೀಬಹುದು." ಆ ಗುಂಡಿಯನ್ನು ಇನ್ನೂ ಯಾರಿಗೂ ತೋರಿಸಿರಲಿಲ್ಲ. ಸಿಕ್ಕೇ ಸಿಗುತ್ತದೆ ಅಂತ ಭರವಸೆ ಕೊಡಲಿಲ್ಲ, ಆದರೆ ಪ್ರಯತ್ನ ಪಡಬಹುದು ಅಂದೆ. ಅವತ್ತು ಶುಕ್ರವಾರ. ಮಂಗಳವಾರ ಸೆಮಿನಾರ್ ಇದೆ, ಸ್ಲೈಡ್‌ನಿಂದ ಗುಂಡಿಯ ಫೋಟೊ ತೆಗೆದುಬಿಡಲಾ ಅಂತ ಕೇಳಿದರು.

"ಬೇಡ ಮೇಡಂ. ಸೋಮವಾರ ಅರ್ಜಿ ಹಾಕೋಣ. ಮಂಗಳವಾರ ಧಾರಾಳವಾಗಿ ತೋರಿಸಿ."